ನಾನೇ ಒತ್ತಿದ್ದು

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆಯಿಂದ ಹಲ್ಲಿನ ಕ್ಯಾಪು ಮೂರು ಸುಟ್ಟೆ. ಎರಡು ಬಿರುಕು. ಹಳೆಯ ಕುಲುಮೆಗೆ ಒಂದು ಮಗ್ಗುಲಲ್ಲಿ ಜ್ವರ, ಇನ್ನೊಂದು ಮಗ್ಗುಲಲ್ಲಿ ಚಳಿ. ದುಡ್ಡು ಕಟ್ಟಿ ತರಿಸಿದ ಹೊಸದು ಬಂದಿದ್ದರೆ...

ಬಂದದ್ದು ಬ್ರೆಡ್ ಬಿಸಿ ಮಾಡುವ ಓವನ್. ನಮ್ಮ ಹಲ್ಲಿನ ಲ್ಯಾಬಿನ ಎರಡು ವರ್ಷದ ಉಳಿತಾಯ ನುಂಗಿ ನೀರು ಕುಡಿದ ಪುಣ್ಯಾತ್ಮ ಗಡಿಯಾಚೆಯಿಂದ ಕಳಿಸಿದ ಉಡುಗೊರೆ. ತಮ್ಮ ದಿನಾ ಅದರಲ್ಲೇ ಬ್ರೆಡ್ ಬಿಸಿ ಮಾಡಿಕೊಳ್ಳುತ್ತಾನೆ. "ಅಕ್ಕಾ, ಇಷ್ಟು ದುಬಾರಿ ಬ್ರೆಡ್ಡು ರಾಜಮಹಾರಾಜರೂ ತಿಂದಿರಲ್ಲ ಬಿಡು!" ನಗು ಬಂತು. ಬೆನ್ನಿಗೇ ಸಿಟ್ಟೂ ಬಂತು.

ಮಧ್ಯಾಹ್ನ ಮತ್ತೆ ಬ್ಯಾಂಕಿಗೆ. ಹಾಡಿದ್ದೇ ಹಾಡು. "ದುಡ್ಡು ಕಳಿಸೋ ಬಟನ್ನು ಕಳ್ಳ ಒತ್ತಿದ್ದಲ್ಲ ಮೇಡಂ, ನೀವೇ ಒತ್ತಿದ್ದು." ಪೊಲೀಸರದು ಇನ್ನೊಂದು ರಾಗ. "ಅವನು ನಮ್ಮ ಗಡಿ ಒಳಗಿಲ್ವಲ್ಲಮ್ಮ, ಏನ್ ಮಾಡೋಣ?" ಇಬ್ಬರೂ ಸೇರಿ ನನ್ನನ್ನು ಚೆಂಡು ಮಾಡಿಕೊಂಡಿದ್ದಾರೆ.

ಮಾರ್ಚ್ ೬, ಗುರುವಾರ

ಪೇಪರಿನ ಒಳಪುಟದಲ್ಲಿ ಅಂಗೈಯಗಲ ಸುದ್ದಿ. ಗಡಿಯಾಚೆಯ ಆನ್‌ಲೈನ್ ಮೋಸದಿಂದ ಗ್ರಾಹಕರನ್ನು ಕಾಯಲು ಹೊಸ ಮಸೂದೆಯಂತೆ. ಹನ್ನೆರಡನೇ ಕಲಮನ್ನು ಎರಡು ಸಲ ಓದಿದೆ. ಮಾರಿದವನು ಹೊರದೇಶದಲ್ಲಿ ಕೈಗೆ ಸಿಗದಿದ್ದರೆ, ದುಡ್ಡು ದಾಟಿಸಿದ ಬ್ಯಾಂಕು, ಜಾಹೀರಾತು ತೋರಿಸಿದ ಜಾಲತಾಣ ಎರಡೂ ಸೇರಿ ಗ್ರಾಹಕರಿಗೆ ಆ ದುಡ್ಡು ವಾಪಸು ಕೊಡಬೇಕು. ಆಮೇಲೆ ಅವರವರೇ ಆಚೆಯವನಿಂದ ವಸೂಲಿ ಮಾಡಿಕೊಳ್ಳಲಿ. ಗ್ರಾಹಕರು ತಾವೇ ಒತ್ತಿದ್ದರೂ ಸರಿ.

ತಾವೇ ಒತ್ತಿದ್ದರೂ!

ಆ ಕಲಮು ಬೇಡ ಅಂತ ಬ್ಯಾಂಕುಗಳ ಗಲಾಟೆ. ಹದಿಮೂರಕ್ಕೆ ಶಾಸನ ಸಮಿತಿಯ ಮುಂದೆ ವಿಚಾರಣೆ. ಮೋಸ ಹೋದವರು ಬಂದು ಹೇಳಬಹುದು. ಫೋನ್ ಮಾಡಿ ಹೆಸರು ಕೊಟ್ಟೇ ಬಿಟ್ಟೆ.

ತಮ್ಮನ ಮುಖ ಚಿಕ್ಕದಾಯಿತು. "ಟಿವಿಲಿ ಬರುತ್ತೆ ಅಕ್ಕಾ. ಡಾಕ್ಟ್ರುಗಳು ಏನಂದ್ಕೊಳ್ತಾರೆ? ಹಲ್ಲು ನೋಡಿ ದುಡ್ಡು ಕೊಟ್ಟವಳು ಅಂತ ಆಡ್ಕೊಳ್ಳಲ್ವಾ?"

ಆಡಿಕೊಳ್ಳಲಿ. ಅದೇ ನಿಜ. ವಿಡಿಯೋ ಕಾಲ್‌ನಲ್ಲಿ ಆ ಕುಲುಮೆ ಮಾರುವವನು ನಕ್ಕ. ಮೇಲಿನ ನಾಲ್ಕೂ ಕ್ಯಾಪು. ಅಂಚಿನಲ್ಲಿ ಬೆಳಕು ಹಾಯುವ ಹಾಗೆ ಮಾಡಿದ್ದಾರೆ, ಹುಟ್ಟುಹಲ್ಲಿಗೂ ಅಷ್ಟು ಜೀವ ಇರುವುದಿಲ್ಲ. ಇಂಥ ಕೆಲಸ ಬಾಯಲ್ಲಿಟ್ಟುಕೊಂಡವನು ನಮ್ಮ ಕಸುಬಿನವನೇ ಅಂದುಕೊಂಡೆ. ಅವನ ಕಂಪನಿಯ ವಿಳಾಸ ನೋಡಲಿಲ್ಲ. ಬಾಯಿ ನೋಡಿದೆ, ಒತ್ತಿದೆ.

ಮಾರ್ಚ್ ೧೩, ಗುರುವಾರ, ಸಂಜೆ

ಬಂದವಳೇ ಪೆನ್ನು ತೆಗೆದೆ. ಬರೆದುಬಿಡಬೇಕು.

ಉದ್ದನೆಯ ಮೇಜು. ಆ ತುದಿಗೆ ಅಧ್ಯಕ್ಷೆ, ಕನ್ನಡಕ ಹಣೆಯ ಮೇಲೆ. ಎದುರಿಗೆ ಬ್ಯಾಂಕುಗಳ ವಕೀಲರು. ತುಂಬ ಸೌಮ್ಯ ದನಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ಮೇಡಂ, ಯಾವ ದಾಖಲೆ ನೋಡಿ ನಂಬಿದ್ರಿ?"

ತಮ್ಮ ಬರೆದುಕೊಟ್ಟ ಉತ್ತರ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ. "ಹಲ್ಲು ನೋಡಿ ನಂಬಿದೆ" ಅಂದೆ.

ಕೋಣೆಗೆ ಕೋಣೆಯೇ ನಕ್ಕಿತು. ಕಿವಿ ಬಿಸಿಯಾಯಿತು. ನಿಂತೇ ಇದ್ದೆ. ನಗು ಮುಗಿದ ಮೇಲೆ ಯಾಕೆ ಅಂತ ಬಿಡಿಸಿ ಹೇಳಿದೆ. "ನಿಮ್ಮನ್ನ ಏಮಾರಿಸೋಕೆ ಬರೋನು ನೀವು ನಂಬೋ ದಾಖಲೆ ಹಿಡ್ಕೊಂಡೇ ಬರ್ತಾನೆ ಸಾರ್" ಅಂದೆ. ಆಗ ಯಾರೂ ನಗಲಿಲ್ಲ.

ಅಧ್ಯಕ್ಷೆ ಕೇಳಿದರು. "ಈ ಕಾನೂನು ಬಂದ್ರೂ ಹಳೇ ಕೇಸಿಗೆ ಅನ್ವಯ ಆಗಲ್ಲ. ನಿಮಗೇನೂ ಸಿಗಲ್ಲ. ಗೊತ್ತು ತಾನೇ?"

"ಗೊತ್ತು ಮೇಡಂ. ನನಗಿಂತ ಮುಂಚೆ ಮೋಸ ಹೋದವರು ಯಾರಾದ್ರೂ ಬಾಯಿ ಬಿಟ್ಟಿದ್ರೆ ನಾನು ಬೀಳ್ತಿರ್ಲಿಲ್ಲ. ಅದಕ್ಕೇ ಬಂದೆ."

ವಕೀಲರು ತಲೆದೂಗಿದರು. ಆಮೇಲೆ ಕತ್ತರಿ ಹಾಕಿದರು. ಇದು ಒಬ್ಬರ ಎಡವಟ್ಟು, ಒಬ್ಬರಿಗೋಸ್ಕರ ಕಾನೂನು ಬರೆಯುವುದು ಸರಿಯಲ್ಲ ಎಂದರು. ಹೆಸರು ಕೊಟ್ಟಿದ್ದ ಉಳಿದವರು ಯಾರೂ ಬಂದಿರಲಿಲ್ಲ. ಖಾಲಿ ಕುರ್ಚಿಗಳ ಸಾಲಿನಲ್ಲಿ ನಾನೊಬ್ಬಳೇ. ಅಧ್ಯಕ್ಷೆ ಒಂದು ವಾರ ಕೊಟ್ಟರು. ಇಪ್ಪತ್ತಕ್ಕೆ ಇನ್ನೊಬ್ಬರಾದರೂ ಬಂದು ಹೇಳದಿದ್ದರೆ ಹನ್ನೆರಡನೇ ಕಲಮು ಬಿಟ್ಟು ಮಸೂದೆ ಮುಂದೆ ಹೋಗುತ್ತದೆ.

ಕರೆತರುತ್ತೇನೆ. ಎಲ್ಲಿಂದಾದರೂ.

ಮಾರ್ಚ್ ೧೫

ದೊಡ್ಡ ಕ್ಲಿನಿಕ್ಕಿನ ಡಾಕ್ಟರು ನಮಗೆ ಕೆಲಸ ಕೊಡುವುದು ನಿಲ್ಲಿಸಿದರು. ನಮ್ಮ ಅರ್ಧ ಅನ್ನ ಅವರದೇ. ಕಾಂಪೌಂಡರ್ ಬಂದು ನೆಲ ನೋಡುತ್ತ ಹೇಳಿದ. "ಸದ್ಯಕ್ಕೆ ಹಲ್ಲಿನ ಅಚ್ಚು ಕಳಿಸಲ್ವಂತೆ ಅಕ್ಕಾ." ಟಿವಿ ನೋಡಿದರಾ ಅಂತ ಕೇಳಿದೆ. ಹೂಂ ಅಂದ.

ತಮ್ಮ ಬೈದಿದ್ದರೆ ವಾಸಿಯಿತ್ತು. ಮೇಣ ಕೆತ್ತುವ ಚಾಕು ಹಿಡಿದು ಉಳಿದ ಕೆಲಸಕ್ಕೆ ಕೂತ. ನಾನು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ ೧೮

ಫೋನು, ಫೋನು, ಫೋನು. ಟಿವಿ ನೋಡಿದವರು ಎಲ್ಲೆಲ್ಲಿಂದಲೋ ಮಾಡುತ್ತಾರೆ. ಒಬ್ಬ ಟೀಚರಮ್ಮ ಮದುವೆಯ ಮಾತು ನಂಬಿ ದುಡ್ಡು ಕಳಿಸಿದ್ದಾರೆ. ಒಬ್ಬ ನಿವೃತ್ತ ಡ್ರೈವರು ಮಗಳ ಫೀಸಿಗೆ ಇಟ್ಟದ್ದನ್ನು ಕಳಿಸಿದ್ದಾರೆ. ಎಲ್ಲರೂ ಅಳುತ್ತಾರೆ. ಗುರುವಾರ ಬರ್ತೀರಾ ಅಂದರೆ ಸಾಲಾಗಿ "ಅಯ್ಯೋ, ಮನೇಲಿ ಗೊತ್ತಿಲ್ಲಮ್ಮ."

ನನಗೆ ಹೇಳಿ ಹಗುರಾಗುತ್ತಾರೆ. ಭಾರವೆಲ್ಲ ನನ್ನ ತಲೆಗೆ. ಸಿಟ್ಟು ಬರುತ್ತದೆ. ಮತ್ತೆ ಮುಂದಿನ ನಂಬರಿಗೆ ಮಾಡುತ್ತೇನೆ.

ಮಾರ್ಚ್ ೧೯, ಬುಧವಾರ

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಆ ದೊಡ್ಡ ಕ್ಲಿನಿಕ್ಕಿನ ಡಾಕ್ಟರೇ ಬಂದರು. ಈ ಲ್ಯಾಬಿನ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಪ್ಲಾಸ್ಟರಿನ ಧೂಳು ಹಿಡಿದ ಸ್ಟೂಲಿನ ಮೇಲೆ ಹಾಗೇ ಕೂತರು.

"ನಾನೂ ಅದೇ ಕುಲುಮೆ ಮಷೀನು ತರಿಸಿದ್ದೆ ಕಣಮ್ಮ. ನಿಮಗಿಂತ ಮುಂಚೆ. ಅದೇ ಮನುಷ್ಯನ ಹತ್ರ."

ದುಡ್ಡು ಕಳಿಸುವ ಮುಂಚೆ ಇವರಿಗೇ ಆ ಮಷೀನಿನ ಫೋಟೋ ತೋರಿಸಿದ್ದೆ. "ನೋಡಿ ಮಾಡಿ" ಅಂದು ಗ್ಲೌಸು ಹಾಕಿಕೊಂಡಿದ್ದರು.

ತಮ್ಮ ಎದ್ದೇ ಬಿಟ್ಟ. "ಒಂದು ಮಾತು ಹೇಳೋಕೆ ಏನ್ ಸಾರ್ ಆಗಿತ್ತು ನಿಮಗೆ?"

"ಹೇಳಿದ್ರೆ ಯಾಕೆ ತರಿಸಿದ್ದೆ ಅಂತಾನೂ ಹೇಳಬೇಕಿತ್ತಲ್ಲಪ್ಪ. ಕ್ಲಿನಿಕ್ಕಲ್ಲೇ ಕ್ಯಾಪು ಮಾಡಿಸಿ ನಿಮಗೆ ಕೆಲಸ ನಿಲ್ಲಿಸೋಣ ಅಂತಿದ್ದೆ." ಕೈ ನೋಡಿಕೊಂಡರು. "ಟಿವಿಲಿ ನಿಮ್ಮಕ್ಕ, ಮುಂಚೆ ಮೋಸ ಹೋದವರು ಬಾಯಿ ಬಿಟ್ಟಿದ್ರೆ ಅಂದಾಗಿಂದ ನಿಮ್ಮ ಲ್ಯಾಬಿಂದ ಬರೋ ಕ್ಯಾಪಿನ ಡಬ್ಬಿ ನೋಡೋಕೂ ಆಗ್ತಿಲ್ಲ. ತಪ್ಪಾಯ್ತು."

ಹೊಡೆಯಬೇಕು ಅನ್ನಿಸಿತು. ನಿಜವಾಗಿ. ಎಷ್ಟು ವರ್ಷ ಇವರ ಅಚ್ಚುಗಳನ್ನು ಮಗುವಿನ ಹಾಗೆ ಎತ್ತಿಟ್ಟುಕೊಂಡೆ. ಆಮೇಲೆ ಆ ಖಾಲಿ ಕುರ್ಚಿಗಳು ಕಣ್ಣಿಗೆ ಬಂದವು.

"ತಪ್ಪು ಒಪ್ಪು ಆಮೇಲೆ ನೋಡೋಣ ಡಾಕ್ಟ್ರೇ. ಇದನ್ನ ನನಗೆ ಹೇಳಬೇಡಿ. ನಾಳೆ ಹತ್ತಕ್ಕೆ ಅಲ್ಲಿ ಹೇಳಿ."

"ಎಲ್ಲಾನೂನಾ?"

"ಯಾಕೆ ತರಿಸಿದ್ರಿ ಅನ್ನೋದೂ ಸೇರಿ. ಅರ್ಧ ಹೇಳಿದ್ರೆ ಆ ವಕೀಲರು ಬಿಡಲ್ಲ."

ಬರುತ್ತೇನೆ ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ಪ್ಯಾಂಟಿಗೆ ಅಂಟಿದ ಪ್ಲಾಸ್ಟರಿನ ಧೂಳು ಒರೆಸಿಕೊಳ್ಳದೆ ಇಳಿದುಹೋದರು.

ಮಾರ್ಚ್ ೨೦, ಗುರುವಾರ

ಸಮಿತಿ ಕೋಣೆಯಲ್ಲೇ ಬರೆಯುತ್ತಿದ್ದೇನೆ, ಕೂತಲ್ಲಿ ಕೂರಲಾಗದೆ. ಹತ್ತು ದಾಟಿತು. ತಮ್ಮ ಬಾಗಿಲಲ್ಲಿ ನಿಂತಿದ್ದಾನೆ. ವಕೀಲರು ಫೈಲು ಕಟ್ಟುತ್ತಿದ್ದಾರೆ. ಅಧ್ಯಕ್ಷೆ ನನ್ನ ಕಡೆ ನೋಡಿದರು — "ಬೇರೆ ಯಾರಾದ್ರೂ ಇದ್ದಾರಾ?"

ಇದ್ದಾರೆ ಅಂದುಬಿಟ್ಟೆ. ದೇವರೇ.

ತಮ್ಮ ಪಕ್ಕಕ್ಕೆ ಸರಿದ. ಡಾಕ್ಟರು! ಬೆವೆತು ತೊಪ್ಪೆಯಾಗಿದ್ದಾರೆ. ನನ್ನ ಮುಖ ನೋಡಲಿಲ್ಲ. ನೆಟ್ಟಗೆ ಮೈಕಿನ ಹತ್ತಿರ.

"ನಾನು ದಂತವೈದ್ಯ. ನಾನೂ ಒತ್ತಿದ್ದೀನಿ. ಈಯಮ್ಮನಿಗಿಂತ ಮುಂಚೆ. ಯಾಕೆ ಹೇಳಲಿಲ್ಲ ಅಂತಾನೂ ಹೇಳ್ತೀನಿ, ಕೇಳಿ."

ಹೇಳುತ್ತಿದ್ದಾರೆ. ಎಲ್ಲ. ನನ್ನ ಕೆಲಸ ನಿಲ್ಲಿಸಬೇಕೆಂದಿದ್ದೂ. ಯಾರೂ ನಗುತ್ತಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಮೂಗೊರೆಸಿಕೊಂಡರು. ಈಗ ಆ ಹೆಂಗಸು ಕೈ ಎತ್ತಿ ನಾನೂ ಹೇಳ್ತೀನಿ ಅಂದರು — ಟೀಚರಮ್ಮನ ದನಿ, ಫೋನಿನಲ್ಲಿ ಕೇಳಿದ್ದು! ಯಾವಾಗ ಬಂದರು? ಅಧ್ಯಕ್ಷೆ ಕನ್ನಡಕ ಇಳಿಸಿ ಹನ್ನೆರಡನೇ ಕಲಮು ಮತ್ತೆ ಚರ್ಚೆಗೆ ತಗೊಳ್ಳೋಣ ಅನ್ನುತ್ತಿದ್ದಾರೆ, ವಕೀಲರು ಎದ್ದರು, ನಾನೂ ಏಳಬೇಕು, ಪೆನ್ನು ಇಡುತ್ತೇನೆ.