ಅಕ್ಕ ಸವರಿಸಿದ ಕ್ಯಾಮೆಲಿಯ

ಅಕ್ಕಾ,

ನೀನು ಹೋದ ಮೇಲೆ ಮೊದಲ ಸಲ ಕತ್ತರಿ ಹಿಡಿದು ನಿನ್ನ ತೋಟಕ್ಕೆ ಹೋಗಿದ್ದೆ. ಚಳಿ ಶುರುವಾಗೋ ಮುಂಚೆ ಕ್ಯಾಮೆಲಿಯ ಗಿಡ ಸವರಬೇಕು ಅಂತ ನೀನೇ ತಾನೆ ನನಗೆ ಹೇಳಿಕೊಟ್ಟಿದ್ದು? ಭಾವ ಓಡಿಬಂದು ತಡೆದರು. "ಅಯ್ಯೋ, ಈಗ ಮುಟ್ಟಬೇಡಮ್ಮಾ, ಮೊಗ್ಗೆಲ್ಲ ಹೋಗುತ್ತೆ! ನಿಮ್ಮಕ್ಕ ಹೂ ಉದುರಿದ ತಕ್ಷಣ ಸವರಿಬಿಡ್ತಿದ್ದಳು. ಆಮೇಲೆ ನನ್ನನ್ನೂ ಹತ್ತಿರ ಬಿಡ್ತಿರಲಿಲ್ಲ."

ಏನು ಹೇಳಿಬಿಟ್ಟೆ ಅಂತ ಪಾಪ ಅವರಿಗೆ ಗೊತ್ತೇ ಆಗಲಿಲ್ಲ.

ನಿನ್ನ ಗಿಡದ ಕೊಂಬೆಯಿಂದಲೇ ಬೆಳೆಸಿದ್ದು ನನ್ನ ಗಿಡ. ಪ್ರತಿ ವರ್ಷ ನೀನು ಪಕ್ಕದಲ್ಲಿ ನಿಂತು, "ಇನ್ನೂ ಸ್ವಲ್ಪ ಕತ್ತರಿಸೇ, ಏನೂ ಆಗಲ್ಲ" ಅಂತಿದ್ದೆ. ಹೂ ಬಿಡದಿದ್ದಾಗ, "ನಿನ್ನ ಕೈಗುಣವೇ ಅಷ್ಟು ಬಿಡು" ಅಂತ ಎಲ್ಲರೆದುರು ನಗ್ತಿದ್ದೆ. ನಿನ್ನ ಜೊತೆ ನಾನೂ ನಗ್ತಿದ್ದೆನಲ್ಲ, ಪೆದ್ದಿ.

ನನ್ನ ಮನೇಲೂ ನಾಲ್ಕು ಹೂ ಬಿಟ್ಟಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?

ಈ ವರ್ಷ ನನ್ನ ಗಿಡಕ್ಕೆ ಕತ್ತರಿ ಸೋಕಿಸಲಿಲ್ಲ. ಇವತ್ತು ಬೆಳಿಗ್ಗೆ ಒಂದು ಹೂ ಅರಳಿದೆ, ಥೇಟ್ ನಿನ್ನ ಗಿಡದ್ದೇ ಕೆಂಪು. ನಿನ್ನ ಫೋಟೋನ ಕಿಟಕಿ ಹತ್ತಿರ ತಂದಿಟ್ಟಿದ್ದೀನಿ. ಹೂ ಕಿತ್ತು ಕೊಡಲ್ಲ. ಅಲ್ಲಿಂದಲೇ ನೋಡು.