ಅಮ್ಮನಿಗಾಗಿ ಇಪ್ಪತ್ತೊಂದು ಕಿಲೋಮೀಟರ್

ಡೊಂಬಿವಲಿ ಎಂಐಡಿಸಿ
೪ ನವೆಂಬರ್ ೨೦೨೫, ಮಂಗಳವಾರ

ಮಧ್ವೇಶರಿಗೆ, ಅಪರ್ಣಾಳ ನಮಸ್ಕಾರ.

ನಮಸ್ಕಾರ ಅಭ್ಯಾಸಬಲದಿಂದ ಬಂತು, ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ. ಇಲ್ಲಿ ಎಲ್ಲರೂ ಸೌಖ್ಯ ಎಂದು ಬರೆಯಲು ಮಾತ್ರ ಕೈ ಏಳುವುದಿಲ್ಲ. ಈ ಕಾಲದಲ್ಲಿ ಕಾಗದ ಯಾಕೆ ಎಂದು ಕೇಳಬಹುದು. ವಾಟ್ಸ್ಯಾಪಿನಲ್ಲಿ ಬರೆದರೆ ನೀವು ಒಂದು ಹೆಬ್ಬೆಟ್ಟು ಒತ್ತಿ ಮುಗಿಸಿಬಿಡುತ್ತೀರಿ. ಫೋನಿನಲ್ಲಾದರೆ ನನಗೆ ಅಳು ಬರುತ್ತದೆ, ಅಳು ಬಂದರೆ ನೀವು ಆಮೇಲೆ ಮಾತಾಡುವ ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಆ ಎರಡೂ ತೊಂದರೆ ಇಲ್ಲ. ಕೂತು ಪೂರ್ತಿ ಓದಿ.

ನಿಮ್ಮ ವಾರಾಂತ್ಯದ ಪ್ಲ್ಯಾನು ತಲುಪಿತು. ಹದಿನೈದರ ಶನಿವಾರ ಬರುತ್ತೇನೆ ಎಂಬ ಮೊದಲ ಸಾಲು ಓದಿದಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹುಬ್ಬಳ್ಳಿಗೆ ಹೋದ ಮೇಲೆ ನೀವು ಈ ಮನೆಯಲ್ಲಿ ಸಮಾಧಾನದಿಂದ ಒಂದು ಊಟ ಮಾಡಿದ್ದು ನನಗೆ ನೆನಪಿಲ್ಲ. ಅದೇ ಖುಷಿಯಲ್ಲಿ ಅತ್ತೆಯ ಹಾಸಿಗೆಯ ಹತ್ತಿರ ಓಡಿ ಹೋಗಿ ನಿಮ್ಮ ಮಗ ಬರ್ತಾರಂತೆ ಎಂದು ಹೇಳಿಯೂಬಿಟ್ಟೆ. ಅವರ ಮುಖದ ಎಡಭಾಗ ನಕ್ಕಿತು. ಪಾರ್ಶ್ವವಾಯು ಹೊಡೆದ ಮೇಲೆ ಬಲಭಾಗಕ್ಕೆ ನಗು ಬರುವುದಿಲ್ಲ, ಅದು ನಿಮಗೂ ಗೊತ್ತು.

ಆಮೇಲೆ ಕೆಳಗಿನದ್ದು ಓದಿದೆ. ಮಾರಾಯ್ರೆ, ಅದು ಮಗ ಅಮ್ಮನನ್ನು ನೋಡಲು ಬರುವ ಪ್ಲ್ಯಾನಲ್ಲ, ಹಾಫ್ ಮ್ಯಾರಥಾನಿನ ಸಂದಿಗೊಂದಿಯಲ್ಲಿ ನಮ್ಮನ್ನು ತುರುಕಿದ ಪ್ಲ್ಯಾನು. ಬೆಳಿಗ್ಗೆ ಕಲ್ಯಾಣದಲ್ಲಿ ಇಳಿಯುವುದು. ನೆರೂಳಕ್ಕೆ ಹೋಗಿ ಎದೆಗೆ ಚುಚ್ಚಿಕೊಳ್ಳುವ ನಂಬರು ತರುವುದು. ಮಧ್ಯಾಹ್ನ ಅನ್ನ ಮತ್ತು ಬೇಯಿಸಿದ ಬಟಾಟೆ, ಸಂಜೆ ಪಾಸ್ತಾ, ಎಂಟಕ್ಕೆ ನಿದ್ದೆ. ಆಮೇಲೆ ಮನೆಯಲ್ಲಿ ಮಿಕ್ಸಿ, ಟಿ.ವಿ., ಮಾತು ಬೇಡ. ಎಂಐಡಿಸಿಯ ಕಾರ್ಖಾನೆಗಳ ಗಾಳಿ ಎದೆಗೆ ಹಿಡಿಯುತ್ತದೆ, ಕಿಟಕಿ ಹಾಕಿಡುವುದು. ಭಾನುವಾರ ಬೆಳಿಗ್ಗೆ ಓಟ, ಓಡಿದ ಮೇಲೆ ಠಾಣೆಯಲ್ಲಿ ಮಿಸಳ್ ತಿನ್ನುವುದು, ಕೆರೆಯ ದಡದಲ್ಲಿ ಸುತ್ತಾಟ, ಸಂಜೆಯ ಗಾಡಿಗೆ ವಾಪಸ್. ಅತ್ತೆಯ ಮಾತ್ರೆಯ ಬಗ್ಗೆ, ನಿಮ್ಮ ಮಗಳು ಅಕ್ಷಯಾಳ ಹನ್ನೆರಡನೆಯ ತರಗತಿಯ ಪರೀಕ್ಷೆಯ ಬಗ್ಗೆ ಅದರಲ್ಲಿ ಒಂದು ಅಕ್ಷರ ಇರಲಿಲ್ಲ.

ಹದಿನೈದನೇ ತಾರೀಕು ಏಕಾದಶಿ. ನಿಮ್ಮ ಪಂಚಾಂಗವನ್ನು ಈಗ ಶೂ ಕಂಪನಿಯವರು ಬರೆದು ಕೊಡುತ್ತಾರೋ ಏನೋ. ಈ ಮನೆಯಲ್ಲಿ ಏಕಾದಶಿಯ ದಿನ ಕುಕ್ಕರು ಒಲೆ ಹತ್ತಿದ್ದನ್ನು ನೀವು ಹುಟ್ಟಿದಾಗಿನಿಂದ ಎಂದಾದರೂ ನೋಡಿದ್ದುಂಟಾ? ಮಾವ ದಿನವಿಡೀ ಜನರಿಗೆ ಇಡ್ಲಿ ವಡೆ ಬಡಿಸುವ ಹೋಟೆಲು ನಡೆಸಿಕೊಂಡೇ ಆ ದಿನ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಅತ್ತೆಗೆ ಡಾಕ್ಟರು ಗದರಿಸಿದ್ದರಿಂದ ಈಗ ಹಾಲು ಹಣ್ಣು ತೆಗೆದುಕೊಳ್ಳುತ್ತಾರೆ, ಅದನ್ನೂ ನಾಚಿಕೊಂಡು. ಅವರ ಮೂಗಿನಡಿಯಲ್ಲಿ ನಾನು ನಿಮಗೆ ಪಾಸ್ತಾ ಬೇಯಿಸಿ ಬಡಿಸಬೇಕು. ಪಾಸ್ತಾ! ಕರ್ಮ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಮುಂದಿನ ಸಾಲು ಗಂಟಲಲ್ಲಿ ಇಳಿಯಲಿಲ್ಲ. ಎಸಿ ಇರುವುದು ಅಮ್ಮನ ಕೋಣೆಯಲ್ಲಿ, ಓಟದ ಹಿಂದಿನ ರಾತ್ರಿ ಒಳ್ಳೆಯ ನಿದ್ದೆ ಮುಖ್ಯ, ಆದ್ದರಿಂದ ಒಂದು ರಾತ್ರಿಯ ಮಟ್ಟಿಗೆ ಅಮ್ಮನನ್ನು ಹಾಲಿಗೆ ಶಿಫ್ಟ್ ಮಾಡಬಹುದಾ ಎಂದು ಕೇಳಿದ್ದೀರಿ. ಕೋಣೆಯನ್ನು ಮೊದಲೇ ಫಿನಾಯಿಲ್ ಹಾಕಿ ಒರೆಸಿಡಬೇಕಂತೆ. ಛೀ! ಫೋನನ್ನು ಬೋರಲು ಹಾಕಿ ಹೋಗಿ ಕೈ ತೊಳೆದುಕೊಂಡೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಸೋಪು ಹಾಕಿ ತೊಳೆದುಕೊಂಡೆ.

ನಿಮ್ಮದು ಹೊಸ ಮಾತೇನಲ್ಲ. ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ವಾರ ನೀವು ಅವರ ಕೋಣೆಯ ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದಿರಿ. ನನ್ನಿಂದಾಗುವುದಿಲ್ಲ ಅಪರ್ಣಾ, ಹೇಸಿಗೆಯಾಗುತ್ತದೆ ಎಂದಿರಿ. ನಾನು ಜಗಳಕ್ಕೆ ನಿಲ್ಲಲಿಲ್ಲ. ಎಲ್ಲರ ಹೊಟ್ಟೆ ಒಂದೇ ತರಹ ಇರುವುದಿಲ್ಲ, ಮೊದಲ ದಿನ ನನಗೂ ವಾಕರಿಕೆ ಬಂದು ಬಚ್ಚಲಿಗೆ ಓಡಿದ್ದೆ. ಆಮೇಲೆ ನಿಮಗೆ ಹುಬ್ಬಳ್ಳಿಗೆ ವರ್ಗವಾಯಿತು. ಅದು ಆದದ್ದಲ್ಲ, ನೀವೇ ಕೇಳಿ ಮಾಡಿಸಿಕೊಂಡದ್ದು ಎಂದು ನಿಮ್ಮ ಆಫೀಸಿನ ವಿಕಾಸ್ ಬಾಯಿತಪ್ಪಿ ಹೇಳಿದರು. ಅದನ್ನೂ ನಾನು ಇಷ್ಟು ದಿನ ನಿಮ್ಮ ಮುಂದೆ ಎತ್ತಲಿಲ್ಲ. ಅಲ್ಲಿ ಒಬ್ಬರೇ ಇರುವಾಗ ಓಡುವ ಹುಚ್ಚು ಹತ್ತಿತು, ಹೊಟ್ಟೆ ಕರಗಿತು, ಫೋಟೋದಲ್ಲಿ ಮದುವೆಯ ವರ್ಷದ ಹಾಗೆ ಕಂಡಿರಿ. ಹೊಸತರಲ್ಲಿ ಪಕ್ಕದ ಠಾಕುರ್ಲಿಯವರೆಗೆ ನಡೆದು ಹೋಗುವ ಎಂದರೆ ಅರ್ಧ ದಾರಿಗೇ ರಿಕ್ಷಾಕ್ಕೆ ಕೈ ತೋರಿಸುತ್ತಿದ್ದವರು ನೀವು. ಪಾಪ, ಏನೋ ಒಂದು ಒಳ್ಳೆಯದಾಯಿತಲ್ಲ ಎಂದುಕೊಂಡೆ. ಎಂಥ ದಡ್ಡಿ ನಾನು.

ಪ್ಲ್ಯಾನಿನ ಕೊನೆಯಲ್ಲಿ ಇನ್ನೊಂದು ಇತ್ತು. ಭಾನುವಾರ ಎಂಟು ಗಂಟೆಗೆ ಅಮ್ಮನನ್ನು ವೀಲ್‌ಚೇರಿನಲ್ಲಿ ನೆರೂಳಕ್ಕೆ, ಓಟ ಮುಗಿಯುವ ಗೆರೆಯ ಹತ್ತಿರ ತರಬೇಕು. ತಿಳಿ ಬಣ್ಣದ ಸಾದಾ ಸೀರೆ ಉಡಿಸಬೇಕು. ನೀವು ಓಡಿ ಬಂದು ನಿಮ್ಮ ಮೆಡಲನ್ನು ಅವರ ಕೊರಳಿಗೆ ಹಾಕುತ್ತೀರಿ, ನಿಮ್ಮ ಗುಂಪಿನ ಸಮಿತ್ ಎಂಬವರು ಫೋಟೋ ತೆಗೆಯುತ್ತಾರೆ. ದ್ವಾದಶಿಯ ಬೆಳಿಗ್ಗೆ, ಪಾರಣೆಯ ಹೊತ್ತಿಗೆ, ಹಸಿದ ಮುದುಕಿಯನ್ನು ಡೊಂಬಿವಲಿಯಿಂದ ನೆರೂಳಕ್ಕೆ ಹೊತ್ತುಕೊಂಡು ಹೋಗಬೇಕು. ಅಮ್ಮನ ಮೇಲೆ ಇದ್ದಕ್ಕಿದ್ದಂತೆ ಇದೇನು ಪ್ರೀತಿ ಎಂದು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದ್ದು ಅಕ್ಷಯಾ. ಅವಳು ಫೋನಿನಲ್ಲಿ ಹುಡುಕಿ ನಿಮ್ಮ ಪುಟ ತೋರಿಸಿದಳು.

ಯಾವುದೋ ಸಂಸ್ಥೆಗೆ ದುಡ್ಡು ಎತ್ತಲು ಮಾಡಿದ ಪುಟವಂತೆ. ಒಳ್ಳೆಯ ಕೆಲಸಕ್ಕೇ ಹೋಗುತ್ತದಂತೆ, ಹೋಗಲಿ. ಮೇಲೆ ದೊಡ್ಡದಾಗಿ, ಅಮ್ಮನಿಗಾಗಿ ಇಪ್ಪತ್ತೊಂದು ಕಿಲೋಮೀಟರ್ ಎಂದಿತ್ತು. ಅದರ ಕೆಳಗೆ ಅತ್ತೆಯ ಫೋಟೋ. ಅದು ನಾನು ಕಳಿಸಿದ ಫೋಟೋ ಮಧ್ವೇಶ. ಹೊಸ ಮಾತ್ರೆಗೆ ಮುಖ ಬಾತಿದೆಯಾ ನೋಡಿ ಹೇಳಿ ಎಂದು ನಿಮಗೊಬ್ಬರಿಗೇ ಕಳಿಸಿದ್ದು. ಕತ್ತರಿಸಿದ ತಲೆಗೂದಲು, ಓರೆಯಾದ ಬಾಯಿ, ಬಾಯಿಯ ತುದಿಯಲ್ಲಿ ಜೊಲ್ಲು, ಜಾರಿದ ಸೆರಗು. ಅಂದು ನೀವು ಅದಕ್ಕೆ ಉತ್ತರವನ್ನೂ ಕೊಟ್ಟಿರಲಿಲ್ಲ. ಈಗ ಅದನ್ನೇ ನಿಮ್ಮ ಬನಿಯನ್ನಿನ ಎದೆಯ ಮೇಲೆ ಅಚ್ಚು ಹಾಕಿಸಿಕೊಂಡು ಬೆವರುತ್ತ ಓಡುತ್ತೀರಂತೆ.

ನಿಮ್ಮ ಅಮ್ಮ ಎಂಥವರೆಂದು ನಿಮಗೆ ನಾನು ಹೇಳಬೇಕಾ? ಹಾಲಿನವನು ಬೆಲ್ ಒತ್ತಿದರೂ ತಲೆ ಬಾಚದೆ ಬಾಗಿಲು ತೆಗೆದವರಲ್ಲ. ಮಲಗಿ ಮಲಗಿ ಜಡೆ ಗಂಟಾಗಿ ನಾನು ಕತ್ತರಿ ಹಿಡಿದ ದಿನ ಮಗುವಿನ ಹಾಗೆ ಅತ್ತರು. ಅಂದಿನಿಂದ ಯಾರು ಬಂದರೂ ಎಡಗೈಯಲ್ಲೇ ಸೆರಗೆಳೆದು ತಲೆ ಮುಚ್ಚಿಕೊಳ್ಳುತ್ತಾರೆ. ಅಂಥವರನ್ನು ನೀವು ಊರಿಗೆಲ್ಲ ಬಿಚ್ಚಿಟ್ಟು ತೋರಿಸಿದಿರಿ.

ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಅಕ್ಷಯಾ ಓದಿ ಹೇಳಿದಳು. ನನ್ನ ತಾಯಿಗೆ ಈಗ ನನ್ನ ಗುರುತೂ ಸಿಗುವುದಿಲ್ಲ, ಆದರೂ ನಾನು ಅವರ ಕೈ ಹಿಡಿದು ಕೂರುತ್ತೇನೆ, ಅವರ ಸೇವೆಯೇ ನನಗೆ ಓಡುವ ಶಕ್ತಿ ಕೊಟ್ಟಿತು ಎಂದು ಬರೆದಿದ್ದೀರಿ. ಥೂ! ಯಾವ ಕೈ ಹಿಡಿದಿರಿ? ಎಡಗೈಯೋ, ಬಲಗೈಯೋ, ಅದಾದರೂ ಗೊತ್ತುಂಟಾ? ಗುರುತು ಸಿಗದೆ ಏನು, ನೀವು ಫೋನು ಮಾಡುವ ಭಾನುವಾರ ಅವರು ಬೆಳಿಗ್ಗೆಯೇ ಕನ್ನಡಕ ಕೇಳಿ ಹಾಕಿಸಿಕೊಂಡು ಕೂರುತ್ತಾರೆ. ನಾಲಗೆ ತಿರುಗುವುದಿಲ್ಲ, ಒಂದು ಶಬ್ದ ಹೊರಡಿಸಲು ಹೆಣಗಾಡುತ್ತಾರೆ, ಅಷ್ಟೇ. ಬುದ್ಧಿಗೆ ಎಳ್ಳಷ್ಟೂ ಮಂಕು ಬಡಿದಿಲ್ಲ. ನೀವೋ ಎರಡು ನಿಮಿಷ ಕಾಲು ಎಳೆದು ವ್ಯಾಯಾಮ ಮಾಡುತ್ತಲೇ ಮಾತಾಡಿ ಇಡುತ್ತೀರಿ. ಓದಿ ಮುಗಿಸಿ ನಮ್ಮ ಹುಡುಗಿ, ಕಿತೀ ಘಾಣೇರಡಂ ಎಂದಳು. ಅವಳ ಮರಾಠಿಯಲ್ಲಿ ಎಷ್ಟು ಹೊಲಸು ಎಂದು. ತನ್ನ ಅಪ್ಪನ ಬಗ್ಗೆ ಅವಳು ಹಾಗೆ ಹೇಳುವಾಗ ಗದರಿಸಬೇಕಿತ್ತು, ಗದರಿಸದೆ ಅವಳ ಕೈಯಿಂದ ಫೋನು ತೆಗೆದುಕೊಂಡೆ.

ಅತ್ತೆಗೆ ಇದು ತಿಳಿಯಬಾರದೆಂದು ಫೋನನ್ನು ಅಡಗಿಸಿಟ್ಟುಕೊಂಡು ತಿರುಗಿದೆ. ಆದರೆ ನಿನ್ನೆ ಕೆಳಗಿನ ಮನೆಯ ಜಯಲತಕ್ಕ ಕಣ್ಣಲ್ಲಿ ನೀರು ತುಂಬಿಕೊಂಡು ಬಂದರು. ಪುಟ ಅವರಿಗೂ ಯಾರೋ ಕಳಿಸಿದ್ದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಫೋನನ್ನು ಅತ್ತೆಯ ಮುಖಕ್ಕೆ ಹಿಡಿದು, ಎಂಥ ಮಗನನ್ನು ಹೆತ್ತಿರಿ, ಪುಣ್ಯವಂತರು ನೀವು ಎನ್ನುತ್ತಿದ್ದರು. ಸಾಲುಗಳನ್ನು ಕನ್ನಡದಲ್ಲಿ ಬಿಡಿಸಿಯೂ ಹೇಳಿಬಿಟ್ಟಿದ್ದರು. ಅತ್ತೆ ತುಂಬ ಹೊತ್ತು ನೋಡಿದರು. ಮತ್ತೆ ಎಡಗೈ ಎತ್ತಿದರು. ತಮ್ಮ ತಲೆಯ ಮೇಲೆ ಸೆರಗೆಳೆದುಕೊಳ್ಳಲಿಲ್ಲ, ಫೋನಿನ ಗಾಜಿನ ಮೇಲೆ, ಆ ಫೋಟೋದ ತಲೆಯ ಮೇಲೆ ಅಂಗೈ ಮುಚ್ಚಿ ಹಿಡಿದರು. ತಾನೇನು ಮಾಡಿದೆ ಎಂದು ಜಯಲತಕ್ಕನಿಗೆ ಆಗ ತಿಳಿಯಿತು. ಪಾಪ, ಅವರು ನನ್ನ ಕಾಲು ಹಿಡಿಯುವುದೊಂದು ಬಾಕಿ. ಅತ್ತೆ ನಿನ್ನೆ ಇಡೀ ದಿನ ಊಟ ಮುಟ್ಟಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ್ದರು. ಮೈ ಒರೆಸಲೂ ಬಿಡಲಿಲ್ಲ.

ಹೇಸಿಗೆ ಎಂದಿರಲ್ಲ ಅಂದು, ಆ ಹೇಸಿಗೆಯನ್ನು ನಾನು ದಿನಾ ತೊಳೆಯುತ್ತೇನೆ. ಬಿಸಿನೀರು, ಡೆಟ್ಟಾಲ್, ಒಗೆದ ಹೊದಿಕೆ, ಮುಗಿಯಿತು. ಆಮೇಲೆ ಅದೇ ಕೈಯಲ್ಲಿ ಊಟ ಮಾಡುತ್ತೇನೆ. ನಿನ್ನೆಯಿಂದ ನನಗೆ ನಿಮ್ಮ ಹೆಸರು ಫೋನಿನಲ್ಲಿ ಕಂಡರೂ ಹೇಸಿಗೆಯಾಗುತ್ತದೆ. ನೀವು ಮಾಡದ ಸೇವೆಯನ್ನು ಮಾಡಿದ್ದೇನೆ ಎಂದು ಬರೆದುಕೊಂಡದ್ದಕ್ಕೆ ಅಷ್ಟೊಂದಲ್ಲ, ನನ್ನ ಹೆಸರು ನನಗೆ ಬೇಕಾಗಿಯೂ ಇಲ್ಲ. ಬದುಕಿರುವ ಅಮ್ಮನ ಬುದ್ಧಿಯನ್ನು ನಾಲ್ಕು ಜನರ ಅಯ್ಯೋ ಪಾಪಕ್ಕಾಗಿ ಅಳಿಸಿಹಾಕಿದಿರಲ್ಲ, ಅದಕ್ಕೆ.

ಈಗ ನನ್ನ ಮಾತು ಕೇಳಿ. ಆ ಫೋಟೋ, ಆ ಸಾಲು, ಎರಡನ್ನೂ ಈ ಕಾಗದ ಸಿಕ್ಕಿದ ಕೂಡಲೇ ತೆಗೆಯಬೇಕು. ತೆಗೆದು, ನನ್ನ ಅಮ್ಮನಿಗೆ ಎಲ್ಲ ತಿಳಿಯುತ್ತದೆ, ನಾನು ಬರೆದದ್ದು ಸುಳ್ಳು ಎಂದು ಅಲ್ಲೇ ಬರೆಯಬೇಕು. ಓಡುವುದಾದರೆ ಓಡಿ, ಇಪ್ಪತ್ತೊಂದಲ್ಲ, ನಲವತ್ತೆರಡು ಓಡಿ, ನೆರೂಳದಲ್ಲಿ ಲಾಡ್ಜುಗಳಿಗೆ ಬರವಿಲ್ಲ. ಅಲ್ಲಿಯ ಎಸಿಯಲ್ಲಿ ಮಲಗಿ, ಪಾಸ್ತಾ ತಿನ್ನಿ. ಅತ್ತೆಯ ಕೋಣೆ ಅತ್ತೆಯದ್ದೇ. ಅವರನ್ನು ನಾನು ಆ ಗೆರೆಯ ಹತ್ತಿರ ತರುವುದಿಲ್ಲ. ಮನೆಗೆ ಬರುವುದಾದರೆ ಬರಿಗೈಯಲ್ಲಿ, ಮೆಡಲಿಲ್ಲದೆ, ಸಮಿತ್ ಇಲ್ಲದೆ ಬನ್ನಿ. ಬಂದು ಅವರ ಹಾಸಿಗೆಯ ಪಕ್ಕ ಕೂತು ಮಾತಾಡಿ. ಅವರಿಗೆ ಬೇಕಾದದ್ದು ಅಷ್ಟೇ, ಅದು ನನಗೆ ಗೊತ್ತು.

ಇನ್ನೂ ನಿಮ್ಮ ಹೆಂಡತಿ ಎಂದು ಕಾಗದಪತ್ರಗಳಲ್ಲಿ ಇರುವ,
ಅಪರ್ಣಾ

ತಾ.ಕ.: ಅವರಿಗೆ ಬೇಕಾದದ್ದು ನನಗೆ ಗೊತ್ತು ಎಂದು ಬರೆದದ್ದು ತಪ್ಪಾಯಿತು. ಲಕೋಟೆ ಅಂಟಿಸುವ ಮೊದಲು ಕಾಗದವನ್ನು ಅತ್ತೆ ಕೈ ಚಾಚಿ ಕೇಳಿದರು, ಓದಿ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದವರು, ಅವರನ್ನು ತರುವುದಿಲ್ಲ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದರು. ಸನ್ನೆಯಲ್ಲೂ ತುಂಡು ಶಬ್ದಗಳಲ್ಲೂ ಅವರು ತಿಳಿಸಿದ್ದನ್ನು ಅಕ್ಷಯಾ ಜೋಡಿಸಿ ಹೇಳಿದಳು. ಬರುತ್ತಾರಂತೆ. ಸಾದಾ ಸೀರೆಯಲ್ಲಲ್ಲ, ನಿಮ್ಮ ಉಪನಯನಕ್ಕೆ ಉಟ್ಟ ಕೆಂಪು ರೇಷ್ಮೆಯಲ್ಲಿ. ಜಯಲತಕ್ಕ ಅವರ ದೊಡ್ಡ ಕಾರು ತರುತ್ತಾರೆ. ಪುಟ ಹಾಗೆಯೇ ಇದ್ದರೆ, ನೀವು ಮೆಡಲು ಹಿಡಿದು ಬಗ್ಗಿದಾಗ, ಫೋಟೋದವರ ಮುಂದೆಯೇ, ಯಾರು ನೀವು ಎಂದು ಕೇಳುತ್ತಾರಂತೆ. ನೀನು ಎಂದಲ್ಲ, ನೀವು ಎಂದು. ಗುರುತಿಲ್ಲದವರನ್ನು ಏಕವಚನದಲ್ಲಿ ಮಾತಾಡಿಸುವ ಅಭ್ಯಾಸ ಅವರಿಗಿಲ್ಲ. ಆಗಿನಿಂದ ನನ್ನನ್ನೂ ಅಕ್ಷಯಾಳನ್ನೂ ಎದುರು ಕೂರಿಸಿಕೊಂಡು ಅದನ್ನೇ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದಾರೆ. ಕಾಯಿಲೆ ಬಿದ್ದಂದಿನಿಂದ ಅವರ ಬಾಯಿಂದ ಇಷ್ಟು ಸ್ಪಷ್ಟವಾಗಿ ಹೊರಟ ಮೊದಲ ಮಾತು ಅದು.