ಅಪ್ಪನ ಟವೆಲ್

ಅಮೀನಗಡ

ಮಗಳು ಮಹಾದೇವಿಗೆ ಬೀರಲಿಂಗ ಕಾಕಾನ ಆಶೀರ್ವಾದ.

ನಿನ್ನಪ್ಪ ತೀರಿಕೊಂಡ ಮೇಲೆ ಕುರಿ ವ್ಯಾಪಾರಕ್ಕೆ ನೀನೇ ನಿಂತದ್ದು ನನಗೆ ಸಂತೋಷ. ಮೊನ್ನೆ ಸಂತೆಯಲ್ಲಿ ನನ್ನ ಕುರಿಗೆ ಮಂದಿಗೆ ಕಾಣದಂತೆ ದರ ಕಟ್ಟಲು ನೀನು ಅವನ ಟವೆಲನ್ನು ನನ್ನ ಕೈಮೇಲೆ ಹಾಸಿದೆ. ಅದರ ಕೆಳಗೆ ಒಂದು ಕೈ ಎಂದಿನಂತೆ ನನ್ನ ಬೆರಳು ಒತ್ತಿ ದರ ಹೇಳಿತು. ನ್ಯಾಯದ ದರ. "ಒಪ್ಪಿಗಿ ಐತಿ" ಎಂದೆ.

"ನಾ ಇನ್ನೂ ಕೈನ ಹಾಕಿಲ್ಲಲ್ರಿ ಕಾಕಾ" ಎಂದು ನೀನು ನಕ್ಕೆ.

ಆ ಕೈಗೆ ಹೆಬ್ಬೆರಳಿರಲಿಲ್ಲ. ನಿನ್ನಪ್ಪನ ಹೆಬ್ಬೆರಳು ಮೇವು ಕತ್ತರಿಸುವ ಮಷೀನಿಗೆ ಹೋದಾಗ ಅವನನ್ನು ದವಾಖಾನೆಗೆ ಒಯ್ದವನು ನಾನೇ.

ಆಮೇಲೆ ನೀನು ಹೇಳಿದ ದರ ಕಡಿಮೆಯಿತ್ತು. ಆದರೂ ಕುರಿ ನಿನಗೇ ಕೊಟ್ಟೆ. ಮುಂದಿನ ಸಂತೆಗೆ ಹೊಸ ಟವೆಲ್ ತಾ ಯವ್ವಾ. ಆ ಹಳೆಯದು ಇರುವ ತನಕ ವ್ಯಾಪಾರ ಅವನೇ ಮಾಡುತ್ತಾನೆ, ನಿನಗೆ ಬಿಟ್ಟುಕೊಡುವುದಿಲ್ಲ.

ನಿನ್ನ ಕಾಕಾ,
ಬೀರಲಿಂಗ